ಬ್ಯಾಟರಿ, ವೈರು, ಗಾಳಿ, ಪೆಟ್ರೋಲು: ಗೋವಾದಲ್ಲಿ ಕೆಲಸ ಮಾಡುವವರು ಯಾವ ಮಷಿನ್ ಕೊಳ್ಳಬೇಕು?

ಮಡಗಾಂವ್ ಇರಲಿ, ಮಾಪುಸಾ ಇರಲಿ, ಟೂಲ್ಸ್ ಅಂಗಡಿ ಮುಂದೆ ನಿಂತು "ಬ್ಯಾಟರಿದು ತಗೊಳ್ಳೋದಾ, ವೈರಿಂದಾ?" ಅಂತ ತಲೆ ಕೆರೆದುಕೊಳ್ಳುವ ನಮ್ಮವರು ಸಿಗುತ್ತಲೇ ಇರುತ್ತಾರೆ. ವಾಸ್ಕೋದಲ್ಲಿ ಸೀಲಿಂಗ್ ಕೆಲಸ ಮಾಡುವ ಹುಡುಗರು, ವೆರ್ಣಾ ಕಡೆ ಫ್ಯಾಬ್ರಿಕೇಶನ್ ಶೆಡ್ ಹಾಕಿಕೊಂಡವರು, ಫೋಂಡಾದಲ್ಲಿ ಕುಳಾಗರ (ಅಡಿಕೆ, ತೆಂಗಿನ ತೋಟ) ನೋಡಿಕೊಳ್ಳುವವರು, ಎಲ್ಲರದೂ ಇದೇ ಪ್ರಶ್ನೆ. ಅಂಗಡಿಯವನು ತನ್ನ ಹತ್ತಿರ ಯಾವುದು ಜಾಸ್ತಿ ಉಳಿದಿದೆಯೋ ಅದನ್ನೇ ಹೊಗಳುತ್ತಾನೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿದರೆ ಇನ್ನೂ ಗೊಂದಲ. ಅಲ್ಲಿ ತೋರಿಸುವ ಮರದ ಮನೆ ಬೇರೆ, ನಮ್ಮ ಕೆಂಪು ಕಲ್ಲಿನ ಗೋಡೆ ಬೇರೆ.

ನನ್ನ ಪ್ರಕಾರ ನಾಲ್ಕರಲ್ಲಿ ಯಾವುದು ಒಳ್ಳೇದು ಅನ್ನುವ ಪ್ರಶ್ನೆಯೇ ಸರಿ ಇಲ್ಲ. ಟ್ರಿಗರನ್ನು ಒಂದೇ ಸಮನೆ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ, ಎಲ್ಲಿ ನಿಂತು ಒತ್ತುತ್ತೀರಿ, ಇವೆರಡು ಗೊತ್ತಾದರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ. ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಟ್ರಿಗರ್ ಹೊತ್ತು ಲೆಕ್ಕ ಹಾಕಿ

ಅಂಗಡಿಗೆ ಹೋಗುವ ಮೊದಲು ಒಂದು ದಿನ ನಿಮ್ಮ ಕೆಲಸವನ್ನೇ ಸ್ವಲ್ಪ ಗಮನಿಸಿ. ಜಿಪ್ಸಂ ಬೋರ್ಡಿಗೆ ಒಂದು ಸ್ಕ್ರೂ ಹೊಡೆಯಲು ಎರಡು ಮೂರು ಸೆಕೆಂಡು ಸಾಕು. ಆಮೇಲೆ ಇನ್ನೊಂದು ಸ್ಕ್ರೂ ತೆಗೆಯಬೇಕು, ಏಣಿ ಸರಿಸಬೇಕು, ಬೋರ್ಡ್ ಹಿಡಿಯಬೇಕು. ಇಡೀ ದಿನ ಕೆಲಸ ಮಾಡಿದರೂ ಮಷಿನ್ ನಿಜವಾಗಿ ತಿರುಗಿದ್ದು ಸ್ವಲ್ಪವೇ ಹೊತ್ತು. ಇಂಥ ಕೆಲಸಕ್ಕೆ ಬ್ಯಾಟರಿ ಹೇಳಿ ಮಾಡಿಸಿದ ಹಾಗಿರುತ್ತದೆ. ಒಂದು ಬ್ಯಾಟರಿ ಕೈಯಲ್ಲಿ, ಇನ್ನೊಂದು ಚಾರ್ಜರಿನಲ್ಲಿ, ಕೆಲಸ ನಿಲ್ಲುವುದಿಲ್ಲ.

ಈಗ ಗ್ರೈಂಡರ್ ತೆಗೆದುಕೊಳ್ಳಿ. ಗೇಟಿಗೆ ಆಂಗಲ್ ಕತ್ತರಿಸಿ, ವೆಲ್ಡ್ ಮಾಡಿದ ಜಾಗ ಉಜ್ಜಿ ನೈಸ್ ಮಾಡುವಾಗ ನಿಮಿಷಗಟ್ಟಲೆ ಟ್ರಿಗರ್ ಬಿಡುವುದೇ ಇಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಬ್ಯಾಟರಿ ಮೇಲೆ 18 ವೋಲ್ಟ್, 4 ಎಎಚ್ (ಆಂಪಿಯರ್-ಅವರ್) ಅಂತ ಬರೆದಿದ್ದರೆ ಎರಡನ್ನೂ ಗುಣಿಸಿ, 72 ವ್ಯಾಟ್-ಅವರ್ ಬರುತ್ತದೆ. ಅದರೊಳಗೆ ತುಂಬಿರುವ ಶಕ್ತಿ ಅಷ್ಟೇ. ಗ್ರೈಂಡರ್ ಲೋಡಿನಲ್ಲಿ 600 ವ್ಯಾಟ್ ಎಳೆದರೆ 72ನ್ನು 600ರಿಂದ ಭಾಗಿಸಿ. 0.12 ಗಂಟೆ, ಅಂದರೆ ಏಳು ನಿಮಿಷದ ಚಿಲ್ಲರೆ. ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ಈ ಲೆಕ್ಕ ತಪ್ಪುವುದಿಲ್ಲ. ಸೈಟಿನಲ್ಲಿ ಏಣಿ ಮೇಲಿಂದ ಒಂದು ಕ್ಲಾಂಪ್ ಕತ್ತರಿಸಲು ಏಳು ನಿಮಿಷ ಧಾರಾಳ. ಶೆಡ್ಡಿನಲ್ಲಿ ಕೂತು ದಿನವಿಡೀ ಗ್ರೈಂಡಿಂಗ್ ಮಾಡುವವನಿಗೆ ಅದು ಯಾತಕ್ಕೂ ಸಾಲದು, ಅವನಿಗೆ ವೈರೇ ಗತಿ.

ಪೆಟ್ರೋಲಿಗೂ ಇದೇ ಲೆಕ್ಕ ಹಾಕಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,000 ವ್ಯಾಟ್-ಅವರ್ ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಬಹುಪಾಲನ್ನು ಬಿಸಿ ಮಾಡಿ ಹೊಗೆಯಲ್ಲಿ ಕಳೆಯುತ್ತದೆ. ಐದರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬಂತು ಅಂದುಕೊಂಡರೂ 1,800 ಉಳಿಯಿತು. 18 ವೋಲ್ಟಿನ 5 ಎಎಚ್ ಬ್ಯಾಟರಿಯಲ್ಲಿ ಇರುವುದು 90. ಒಂದು ಲೀಟರ್ ಸೀಸೆಗೆ ಸಮ ಆಗಬೇಕಾದರೆ ಇಪ್ಪತ್ತು ಬ್ಯಾಟರಿ ಹೊತ್ತುಕೊಂಡು ಹೋಗಬೇಕು. ಪ್ಲಗ್ ಪಾಯಿಂಟ್ ಇಲ್ಲದ ಗುಡ್ಡದ ಗೇರು ತೋಟದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹುಲ್ಲು ಹೊಡೆಯುವವರು ಇನ್ನೂ ಪೆಟ್ರೋಲ್ ಬಿಟ್ಟಿಲ್ಲ, ಕಾರಣ ಇಷ್ಟೇ.

"ಬ್ಯಾಟರಿ ಮಷಿನಿಗೆ ದಮ್ಮಿಲ್ಲ" ಅಂತ ಹಳೇ ಮೇಸ್ತ್ರಿಗಳು ಹೇಳುವುದು ಕೇಳಿರುತ್ತೀರಿ. ಅವರು ನೋಡಿದ ಕಾಲಕ್ಕೆ ಅದು ನಿಜವೇ. ಬ್ಲ್ಯಾಕ್ ಅಂಡ್ ಡೆಕರ್ 1961ರಲ್ಲೇ ವೈರಿಲ್ಲದ ಡ್ರಿಲ್ ತಂದಿತ್ತು, ಮಕಿಟಾ 1978ರಲ್ಲಿ 7.2 ವೋಲ್ಟಿನ ಡ್ರಿಲ್ ತಂದಿತು. ಆದರೆ ಅವೆಲ್ಲ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಭಾರ ಜಾಸ್ತಿ, ಓಟ ಕಮ್ಮಿ. 2005ರ ಸುಮಾರಿಗೆ ಲಿಥಿಯಂ ಬಂತು, ಆಮೇಲೆ ಸವೆಯುವ ಕಾರ್ಬನ್ ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟರ್ ಬಂತು, ಆಟವೇ ಬದಲಾಯಿತು. ಈಗ ದಮ್ಮಿನ ಕೊರತೆ ಇಲ್ಲ. ಕೊರತೆ ಇರುವುದು ಓಟದ್ದು, ಅಂದರೆ ಮತ್ತೆ ಟ್ರಿಗರ್ ಹೊತ್ತಿನದ್ದೇ.

ಹಂತ 2: ಗೋಡೆ ಯಾವುದು ನೋಡಿಕೊಳ್ಳಿ

ಗೋವಾದಲ್ಲಿ ಡ್ರಿಲ್ ಕೊಳ್ಳುವಾಗ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇಲ್ಲಿ ಮುಖ್ಯವಾಗಿ ಎರಡು ಥರದ ಗೋಡೆ. ಹಳೇ ಮನೆ, ಹಳ್ಳಿ ಮನೆ, ಕಾಂಪೌಂಡು ಎಲ್ಲ ಕೆಂಪು ಕಲ್ಲು, ಕರಾವಳಿಯವರು ಚಿರೆಕಲ್ಲು ಅಂತೀವಲ್ಲ ಅದೇ. ಪರ್ವರಿ, ವಾಸ್ಕೋ, ಮಡಗಾಂವ್ ಫ್ಲಾಟುಗಳಲ್ಲಿ ಬೀಮು, ಕಾಲಮ್ಮು, ಸ್ಲ್ಯಾಬು ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟು), ಮಧ್ಯದ ಗೋಡೆ ಕೆಂಪು ಕಲ್ಲೋ ಸಿಮೆಂಟ್ ಬ್ಲಾಕೋ ಇರುತ್ತದೆ. ಒಂದೇ ರೂಮಿನಲ್ಲಿ ಎರಡೂ ಸಿಗುತ್ತವೆ.

ಕೆಂಪು ಕಲ್ಲಿಗೆ ಹ್ಯಾಮರ್ (ತಿರುಗುತ್ತಲೇ ಕುಟ್ಟುವ ಮೋಡ್) ಹಾಕಿ ಡ್ರಿಲ್ ಮಾಡಿದರೆ ಏನಾಗುತ್ತದೆ ನೋಡಿ. ಮೊದಲು ಪ್ಲಾಸ್ಟರಿನ ಬೂದು ಪುಡಿ ಬರುತ್ತದೆ, ಅದರ ಹಿಂದೆಯೇ ಇಟ್ಟಿಗೆ ಬಣ್ಣದ ಕೆಂಪು ಪುಡಿ ಸುರಿಯುತ್ತದೆ. ಬಿಟ್ ಹಗುರವಾಗಿ ಒಳಗೆ ಹೋಗುತ್ತಿರುವಾಗ ಒಮ್ಮೆಲೇ ಧಸಕ್ ಅಂತ ಇನ್ನಷ್ಟು ಒಳಗೆ ನುಗ್ಗುತ್ತದೆ, ಏಕೆಂದರೆ ಆ ಕಲ್ಲಿನ ಹೊಟ್ಟೆಯಲ್ಲೇ ಸಣ್ಣ ಸಣ್ಣ ಪೊಳ್ಳು ಇರುತ್ತವೆ. ತೂತಿನ ಬಾಯಿ ಅಗಲ ಆಗಿರುತ್ತದೆ. ಆರು ಎಂಎಂ ತೂತಿಗೆ ಆರು ಎಂಎಂ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೇ ಸ್ಕ್ರೂ ಜೊತೆ ಗಿರಗಿರ ತಿರುಗುತ್ತದೆ. ತಪ್ಪು ಪ್ಲಗ್ಗಿನದ್ದಲ್ಲ, ಹ್ಯಾಮರ್ ಹೊಡೆತದ್ದು.

ಅದಕ್ಕೆ ಕೆಂಪು ಕಲ್ಲಿನಲ್ಲಿ ಹೀಗೆ ಮಾಡಿ. ಹ್ಯಾಮರ್ ಬಂದ್ ಮಾಡಿ, ಬರೀ ತಿರುಗುವ ಮೋಡಿನಲ್ಲಿ, ಚೂಪಾದ ಬಿಟ್ಟಿನಲ್ಲಿ, ಒತ್ತದೆ ತೂತು ಮಾಡಿ. ಪ್ಲಗ್ಗಿಗಿಂತ ಅರ್ಧ ಅಥವಾ ಒಂದು ಎಂಎಂ ಸಣ್ಣ ಬಿಟ್ ಹಾಕಿದರೆ ಬಿಗಿ ಕೂರುತ್ತದೆ. ಪ್ಲಗ್ ಉದ್ದದ್ದು ತೆಗೆದುಕೊಳ್ಳಿ, 30ರದ್ದು ಪ್ಲಾಸ್ಟರಿನಲ್ಲೇ ನಿಂತುಬಿಡುತ್ತದೆ, 60 ಅಥವಾ 80 ಎಂಎಂ ಕಲ್ಲಿನೊಳಗೆ ಹೋಗುತ್ತದೆ. ಗೀಸರ್, ಎಸಿ ಔಟ್‌ಡೋರ್ ಸ್ಟ್ಯಾಂಡು, ಭಾರದ ಕ್ಯಾಬಿನೆಟ್ಟು ಇದ್ದರೆ ಜಾಳಿಗೆ ಸ್ಲೀವ್ ಹಾಕಿ ಕೆಮಿಕಲ್ ಆಂಕರ್ ತುಂಬಿ, ಅದು ಪೊಳ್ಳಿನೊಳಗೆ ಹರಿದು ಗಟ್ಟಿಯಾಗುತ್ತದೆ. ಹಿಗ್ಗುವ ಕಬ್ಬಿಣದ ಆಂಕರ್ ಬೋಲ್ಟನ್ನು ಕೆಂಪು ಕಲ್ಲಿಗೆ ಹಾಕಲೇಬೇಡಿ, ಬಿಗಿ ಮಾಡಿದಷ್ಟೂ ಕಲ್ಲು ಪುಡಿಯಾಗುತ್ತದೆ. ಇಷ್ಟು ಕೆಲಸಕ್ಕೆ 12 ವೋಲ್ಟಿನ ಸಣ್ಣ ಬ್ಯಾಟರಿ ಡ್ರಿಲ್ಲೇ ಸಾಕು ಅಂದರೆ ನಂಬುತ್ತೀರಾ? ಸಾಕು.

ಆರ್‌ಸಿಸಿ ಬಂದಾಗ ಕಥೆ ಉಲ್ಟಾ. ಅಲ್ಲಿ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್, ಅದು ಬ್ಯಾಟರಿದಾಗಲಿ ವೈರಿಂದಾಗಲಿ, ಕಿರುಚುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಅದರೊಳಗೆ ಎರಡು ಹಲ್ಲಿನ ಚಕ್ರ ಒಂದರ ಮೇಲೊಂದು ಉಜ್ಜಿ ಕಟಕಟ ಅನ್ನುತ್ತವೆ ಅಷ್ಟೇ, ನೀವು ಒತ್ತಿದಷ್ಟೇ ಪೆಟ್ಟು. ಬೇಕಾಗಿರುವುದು ರೋಟರಿ ಹ್ಯಾಮರ್, ಯಾವ ಕಂಪನಿದಾದರೂ ನಾವು "ಹಿಲ್ಟಿ" ಅಂತಲೇ ಕರೆಯುವ ಮಷಿನ್. ಅದರೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಒಂದು ಸುತ್ತಿಗೆಯನ್ನು ಬಿಟ್ಟಿನ ಬೆನ್ನಿಗೆ ಹೊಡೆಸುತ್ತದೆ, ನೀವು ಸುಮ್ನೆ ಹಿಡಿದುಕೊಂಡರೆ ಸಾಕು. 6ರಿಂದ 10 ಎಂಎಂ ತೂತು, ಸೀಲಿಂಗ್ ರಾಡಿಗೆ, ಪೈಪ್ ಕ್ಲಾಂಪಿಗೆ ಆದರೆ 18 ವೋಲ್ಟಿನ ಎಸ್‌ಡಿಎಸ್ ಪ್ಲಸ್ (ಬಿಟ್ಟನ್ನು ಒತ್ತಿ ಸಿಕ್ಕಿಸುವ ಥರದ) ಹ್ಯಾಮರ್, 2 ಜೂಲ್ ಹೊಡೆತದ್ದು, ಧಾರಾಳ. ಸ್ಲ್ಯಾಬಿಗೆ ಕೈ ಎತ್ತಿ ತೂತು ಮಾಡುವಾಗ ಮೇಲೆ ವೈರು ನೇತಾಡದೆ ಇರುವುದೇ ದೊಡ್ಡ ಸುಖ. ಎಸಿ ಪೈಪಿಗೆ 65 ಎಂಎಂ ಕೋರ್ ಹೊಡೆಯುವುದಾದರೆ, ಗೋಡೆ ಒಡೆಯುವುದಾದರೆ, ಬ್ಯಾಟರಿ ಮಾತೇ ಬೇಡ, ವೈರಿನ ಮಷಿನ್ ತನ್ನಿ. ಸರಳು ತಗುಲಿದರೆ ಜೋರು ಮಾಡಬೇಡಿ, ಎರಡು ಇಂಚು ಪಕ್ಕಕ್ಕೆ ಸರಿದು ಮತ್ತೆ ಶುರು ಮಾಡಿ.

ಹಂತ 3: ಬ್ಯಾಟರಿ ಲೇಬಲ್ಲಿನ ಸುಳ್ಳು ಹಿಡಿಯುವುದು

ಬ್ಯಾಟರಿ ಬಿಚ್ಚಿದರೆ ಒಳಗೆ ಟಾರ್ಚ್ ಸೆಲ್ಲಿನ ಥರದ ಉರುಟು ಸೆಲ್ಲುಗಳು ಸಿಗುತ್ತವೆ. ಜಾಸ್ತಿ ಬಳಕೆಯಲ್ಲಿರುವುದು 18650, ಅಂದರೆ 18 ಎಂಎಂ ದಪ್ಪ, 65 ಎಂಎಂ ಉದ್ದ. ಒಂದೊಂದೂ 3.6 ವೋಲ್ಟ್, ಫುಲ್ ಚಾರ್ಜಿನಲ್ಲಿ 4.2. ಐದು ಸೆಲ್ ಸಾಲಾಗಿ ಕಟ್ಟಿದರೆ 18 ವೋಲ್ಟ್, ಫುಲ್ ಚಾರ್ಜಿನಲ್ಲಿ 21. ಹಾಗಾಗಿ ಒಬ್ಬರು 18 ಅಂತ ಬರೆಯುತ್ತಾರೆ, ಇನ್ನೊಬ್ಬರು 20 ಮ್ಯಾಕ್ಸ್, ಮತ್ತೊಬ್ಬರು 21. ಮೂರೂ ಒಂದೇ. ಮೂರು ಸೆಲ್ ಇದ್ದರೆ 10.8, ಅದನ್ನೇ 12 ಅಂತ ಮಾರುತ್ತಾರೆ. ಇದು ಮೋಸ ಅಲ್ಲ, ಕಂಪನಿಗಳ ಅಭ್ಯಾಸ.

ಮೋಸ ಅಂದರೆ ಇದು: ಪೇಟೆಯಲ್ಲಿ 48ವಿಎಫ್, 88ವಿಎಫ್, 128ವಿಎಫ್ ಅಂತ ದಪ್ಪ ಅಕ್ಷರದಲ್ಲಿ ಬರೆದ ಅಗ್ಗದ ಬ್ಯಾಟರಿ ಸಿಗುತ್ತವೆ. ಒಳಗೆ ಅದೇ ಐದು ಸೆಲ್ಲಿನ ಸಾಲು. ನಂಬಿಕೆ ಇಲ್ಲದಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ, ಫುಲ್ ಚಾರ್ಜ್ ಆದ ಮೇಲೂ 21ರ ಆಸುಪಾಸಿನಲ್ಲೇ ತೋರಿಸುತ್ತದೆ. ಸಂಖ್ಯೆ ದೊಡ್ಡದು ಬರೆದರೆ ವೋಲ್ಟ್ ದೊಡ್ಡದಾಗುತ್ತಾ?

ಎಎಚ್ ಸುಳ್ಳು ಹಿಡಿಯಲು ಮೀಟರ್ ಬೇಡ, ತಕ್ಕಡಿ ಸಾಕು. ಒಂದು 18650 ಸೆಲ್ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. 18 ವೋಲ್ಟಿನ 4 ಅಥವಾ 5 ಎಎಚ್ ಬರಬೇಕಾದರೆ ಐದೈದರ ಎರಡು ಸಾಲು, ಹತ್ತು ಸೆಲ್ ಬೇಕು, ಸೆಲ್ಲೇ ಅರ್ಧ ಕೆಜಿ ಹತ್ತಿರ ಆಯಿತು, ಮೇಲೆ ಪ್ಲಾಸ್ಟಿಕ್, ಬೋರ್ಡು, ಕನೆಕ್ಟರ್. "5 ಎಎಚ್" ಅಂತ ಬರೆದ ಬ್ಯಾಟರಿ 400 ಗ್ರಾಂ ಕೂಡ ತೂಗದಿದ್ದರೆ ಒಳಗೆ ಐದೇ ಸೆಲ್ ಇದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಯಾರೂ ಬೇಡ ಅನ್ನಲ್ಲ. ದಪ್ಪದ 21700 ಸೆಲ್ ಹಾಕಿದ ಹೊಸ ಬ್ಯಾಟರಿಗಳಲ್ಲಿ ಐದೇ ಸೆಲ್ಲಿನಿಂದ 4 ಎಎಚ್ ಬರುತ್ತದೆ, ಅದು ನಿಜ, ಆದರೆ ಅವೂ ಅಷ್ಟು ಹಗುರ ಇರುವುದಿಲ್ಲ.

ಸೆಲ್ಲಿಗೆ ಭಾರತದಲ್ಲಿ ಐಎಸ್ 16046 ಪ್ರಕಾರ ಬಿಐಎಸ್ ನೋಂದಣಿ ಕಡ್ಡಾಯ, ಲೇಬಲ್ಲಿನಲ್ಲಿ ಆ ಗುರುತು ಹುಡುಕಿ. ಸೆಲ್ಲುಗಳನ್ನು ಸಮ ಮಾಡುವ, ಬಿಸಿಯಾದರೆ ನಿಲ್ಲಿಸುವ ಬೋರ್ಡ್ ಇಲ್ಲದ ಅಗ್ಗದ ಬ್ಯಾಟರಿಯನ್ನು ರಾತ್ರಿ ಮಲಗುವ ರೂಮಿನಲ್ಲಿ ಚಾರ್ಜಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಬೈನಾ, ಝುವಾರಿನಗರದ ಕಡೆ ಒಂದೇ ಖೋಲಿಯಲ್ಲಿ ಐದಾರು ಜನ ಮಲಗುವ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಬಾಗಿಲ ಹತ್ತಿರ, ಹಾಸಿಗೆಯಿಂದ ದೂರ, ಎಚ್ಚರ ಇರುವಾಗ ಚಾರ್ಜ್ ಮಾಡಿ.

ಹಂತ 4: ವೈರಿನ ಮಷಿನ್ ಕೊಂಡರೆ ವೈರಿಗೂ ದುಡ್ಡು ಇಡಿ

ವೈರಿನ ಮಷಿನ್ ಅಗ್ಗ, ಗಟ್ಟಿ, ರಿಪೇರಿ ಸುಲಭ. ಕಾರ್ಬನ್ ಸವೆದರೆ ಐದು ನಿಮಿಷದಲ್ಲಿ ಹೊಸದು ಹಾಕಬಹುದು, ಆರ್ಮೇಚರ್ ಸುಟ್ಟರೆ ಕಟ್ಟಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ನಾಲ್ಕು ಇಂಚಿನ ಗ್ರೈಂಡರ್, ಮಾರ್ಬಲ್ ಕಟ್ಟರ್, 14 ಇಂಚಿನ ಚಾಪ್ ಸಾ, ಬ್ರೇಕರ್, ಇವೆಲ್ಲ ಇವತ್ತಿಗೂ ವೈರಿನವೇ ಲಾಭ.

ಆದರೆ ಜನ ಒಳ್ಳೇ ಮಷಿನ್ ತಂದು ಅದಕ್ಕೆ ಮಿಕ್ಸರಿನ ವೈರಿನಷ್ಟು ತೆಳು ಎಕ್ಸ್‌ಟೆನ್ಷನ್ ಹಾಕುತ್ತಾರೆ. 2,000 ವ್ಯಾಟಿನ ಚಾಪ್ ಸಾ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 30 ಮೀಟರ್ ಉದ್ದದ 0.75 ಸ್ಕ್ವೇರ್ ಎಂಎಂ ವೈರಿನಲ್ಲಿ 13 ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 2.5 ಸ್ಕ್ವೇರ್ ಎಂಎಂ ಹಾಕಿದರೆ ನಾಲ್ಕು ವೋಲ್ಟ್ ಆಚೆ ಈಚೆ. ಹಳ್ಳಿ ಕಡೆ ಲೈನಿನಲ್ಲೇ ವೋಲ್ಟೇಜ್ ಕಮ್ಮಿ ಇರುತ್ತದೆ, ಅದರ ಮೇಲೆ ಇದೂ ಸೇರಿದರೆ ಮೋಟರ್ ತಿಣುಕಿ ಬಿಸಿಯಾಗಿ ಸುಡುತ್ತದೆ, ಬೈಗುಳ ಮಾತ್ರ ಮಷಿನ್ ಕಂಪನಿಗೆ. ರೀಲಿನಲ್ಲಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿಕೊಂಡೇ ಇದ್ದರೆ ಬಿಸಿ ಹೊರಗೆ ಹೋಗದೆ ಒಳಗಿನ ಸುತ್ತು ಕರಗುತ್ತದೆ.

ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್, ಇರಲೇಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ನೆಲ, ಒದ್ದೆ ಚಪ್ಪಲಿ, ಟೇಪ್ ಸುತ್ತಿದ ಜಾಯಿಂಟು, ಇವು ಮೂರು ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಟೈಲ್ಸಿಗೆ ನೀರು ಹಾಕಿಕೊಂಡು ಕತ್ತರಿಸುವವರಂತೂ ಇದಿಲ್ಲದೆ ಸ್ವಿಚ್ ಹಾಕಬಾರದು.

ಹಂತ 5: ಗಾಳಿ, ಒಂದೇ ಜಾಗದಲ್ಲಿ ನಾಲ್ಕು ಕೈ ಇದ್ದರೆ ಮಾತ್ರ

ಗಾಳಿ ಮಷಿನ್ ಕೈಯಲ್ಲಿ ಹಗುರ, ಒಳಗೆ ಕರೆಂಟಿಲ್ಲ, ಒದ್ದೆಯಲ್ಲೂ ಶಾಕ್ ಹೊಡೆಯಲ್ಲ, ದಿನವಿಡೀ ಓಡಿಸಿದರೂ ಸುಡಲ್ಲ. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ಮೂಲೆಯಲ್ಲಿ ಕೂತ ಕಂಪ್ರೆಸರ್ ಕರೆಂಟ್ ಕುಡಿಯುತ್ತದೆ. ನೂರು ರೂಪಾಯಿ ಕರೆಂಟ್ ಹಾಕಿದರೆ ಹತ್ತು ಹದಿನೈದು ರೂಪಾಯಿಯ ಕೆಲಸ ಮಷಿನ್ ತುದಿಗೆ ಬರುತ್ತದೆ, ಉಳಿದದ್ದು ಬಿಸಿ ಮತ್ತು ಸೋರಿಕೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಟ್ಯಾಂಕ್ ಎಷ್ಟು ಲೀಟರಿನದ್ದು ಅನ್ನುವುದಲ್ಲ, ಎಷ್ಟು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಅನ್ನುವುದು. ಅದರಲ್ಲೂ ಪಿಸ್ಟನ್ ಲೆಕ್ಕದ ಅಂಕಿ ಬೇಡ, ಎಫ್‌ಎಡಿ ಎಷ್ಟು ಹೇಳಿ ಅಂತ ಕೇಳಿ, ಅದು ನಿಜವಾಗಿ ಹೊರಗೆ ಬರುವ ಗಾಳಿ, ಯಾವಾಗಲೂ ಕಮ್ಮಿಯೇ ಇರುತ್ತದೆ. ಅಂದಾಜಿಗೆ ಒಂದು ಎಚ್‌ಪಿಗೆ 90 ಪಿಎಸ್‌ಐ ಒತ್ತಡದಲ್ಲಿ ಮೂರರಿಂದ ನಾಲ್ಕು ಸಿಎಫ್‌ಎಂ. ಮೊಳೆ ಹೊಡೆಯುವ ನೇಲ್ ಗನ್ನಿಗೆ ಇದು ಸಾಕೋ ಸಾಕು. ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ ನಟ್ಟು ಬಿಚ್ಚಿ ನಿಂತು, ಮತ್ತೆ ಬಿಚ್ಚಿ ನಿಂತು ಓಡುವುದರಿಂದ ಎರಡು ಎಚ್‌ಪಿಯಲ್ಲಿ ನಡೆಯುತ್ತದೆ. ಸ್ಯಾಂಡರ್ ಹಾಗಲ್ಲ, ಬಿಡದೆ ತಿರುಗುವ ಸಾಮಾನು, ಹತ್ತು ಸಿಎಫ್‌ಎಂ ಆಸುಪಾಸು ನುಂಗುತ್ತದೆ. ಅದಕ್ಕೆ ಮೂರು ಎಚ್‌ಪಿ ಇಲ್ಲದೆ ಕೈ ಹಾಕಬೇಡಿ. ನೋಡಿದಿರಾ, ಇಲ್ಲೂ ಅದೇ ಟ್ರಿಗರ್ ಹೊತ್ತಿನ ಲೆಕ್ಕ.

ಒಬ್ಬನೇ ಇದ್ದು, ಸೈಟಿಂದ ಸೈಟಿಗೆ ಓಡಾಡುವವನಿಗೆ ಕಂಪ್ರೆಸರ್ ದಂಡ. ದಿವಾಡಿ ದ್ವೀಪಕ್ಕೆ ಫೆರಿ ಹತ್ತಿಸಿ ಕೆಲಸಕ್ಕೆ ಹೋಗುವಾಗ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬ್ಯಾಟರಿ ಡಬ್ಬಿ ಇಟ್ಟುಕೊಂಡು ಹೋಗಬಹುದು, ಕಂಪ್ರೆಸರಿಗೆ ಟೆಂಪೋ ಬೇಕು. ಬಾಗಿಲು ಪಟ್ಟಿಗೆ, ಬೀಡಿಂಗಿಗೆ ಈಗ ಬ್ಯಾಟರಿ ನೇಲ್ ಗನ್ನೂ ಬಂದಿವೆ, ಭಾರ ಸ್ವಲ್ಪ ಜಾಸ್ತಿ, ಆದರೆ ಪೈಪು ಎಳೆದಾಡುವ ಕಾಟ ಇಲ್ಲ. ಕಾರಿನ ಚಕ್ರದ ನಟ್ಟಿಗೆ ಬೇಕಾದ್ದು ಸಾಮಾನ್ಯವಾಗಿ 90ರಿಂದ 120 ನ್ಯೂಟನ್ ಮೀಟರ್ ಬಿಗಿ, ಬ್ಯಾಟರಿ ರೆಂಚ್ ಸಲೀಸಾಗಿ ಬಿಚ್ಚುತ್ತದೆ. ಕೊನೆಯ ಬಿಗಿ ಮಾತ್ರ ಟಾರ್ಕ್ ರೆಂಚಿನಲ್ಲಿ ಕೈಯಿಂದಲೇ ಕೊಡಿ. ನಾಲ್ಕು ಜನ ಒಂದೇ ಶೆಡ್ಡಿನಲ್ಲಿ ದಿನವೂ ಕೆಲಸ ಮಾಡುವ ಗ್ಯಾರೇಜು, ಪೇಂಟಿಂಗ್ ಬೂತು, ಲಾರಿ ಟೈರಿನ ಅಂಗಡಿ, ಪೀಠೋಪಕರಣದ ಕಾರ್ಖಾನೆ, ಇಲ್ಲಿ ಗಾಳಿಗೆ ಸಾಟಿ ಇಲ್ಲ.

ಕಂಪ್ರೆಸರ್ ಇದ್ದವರು ಟ್ಯಾಂಕ್ ಅಡಿಯ ನಲ್ಲಿಯನ್ನು ದಿನಾ ಸಂಜೆ ಬಿಡಿ. ಮಳೆಗಾಲದ ಗೋವಾ ಗಾಳಿಯಲ್ಲಿ ನೀರೇ ನೀರು, ಒತ್ತಿದಾಗ ಅದು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನಲ್ಲಿ ತೆರೆದರೆ ಮೊದಲು ಕಂದು ಬಣ್ಣದ ನೀರು ಚಿಮ್ಮುತ್ತದೆ. ಆ ಕಂದು ನಿಮ್ಮ ಟ್ಯಾಂಕಿನ ಒಳಗೋಡೆಯ ತುಕ್ಕು. ಬಿಡದೆ ಹಾಗೇ ಇಟ್ಟರೆ ತಗಡು ತೆಳುವಾಗುತ್ತಾ ಹೋಗುತ್ತದೆ, ಟ್ಯಾಂಕ್ ಒಡೆದರೆ ಆಸ್ಪತ್ರೆಯೇ. ಮಷಿನ್ನಿಗೆ ದಿನಕ್ಕೆ ಎರಡು ಮೂರು ತೊಟ್ಟು ಗಾಳಿ ಟೂಲಿನ ಎಣ್ಣೆ ಹಾಕಿ. ಪೇಂಟ್ ಹೊಡೆಯುವ ಪೈಪಿಗೆ ಮಾತ್ರ ಎಣ್ಣೆ ಸೋಕಬಾರದು, ಅದಕ್ಕೆ ಬೇರೆ ಪೈಪು ಇಡಿ.

ಹಂತ 6: ಪೆಟ್ರೋಲ್, ಬಯಲಿಗೆ ಮಾತ್ರ

ಮನೆ ಅಂಗಳ, ಸಣ್ಣ ಹಿತ್ತಲು ಆದರೆ ಬ್ಯಾಟರಿ ಹುಲ್ಲು ಕಟ್ಟರ್ ತೆಗೆದುಕೊಳ್ಳಿ, ಪಕ್ಕದ ಮನೆಯವರೂ ಖುಷಿ. ಎಕರೆಗಟ್ಟಲೆ ಇದ್ದರೆ, ಮಳೆ ಬಿಟ್ಟ ಮೇಲೆ ಸೊಂಟದೆತ್ತರ ಬೆಳೆದು ನಿಂತ ಹುಲ್ಲು ಇದ್ದರೆ ಪೆಟ್ರೋಲ್ ಬ್ರಷ್ ಕಟ್ಟರ್ರೇ ಬೇಕು. ಕೊಳ್ಳುವಾಗ ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ ಅಂತ ಮೊದಲು ತಿಳಿದುಕೊಳ್ಳಿ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ 2ಟಿ ಎಣ್ಣೆ ಬೆರೆಸಬೇಕು. ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತ ಇದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ, ಔಷಧಿ ಅಂಗಡಿಯ ಸಿರಿಂಜ್ ಸಾಕು ಅಳೆಯಲು. ಫೋರ್ ಸ್ಟ್ರೋಕಿಗೆ ಬೆರೆಸುವಂತಿಲ್ಲ, ಅದರ ಎಂಜಿನ್ ಆಯಿಲ್ ಬೇರೆಯೇ ಜಾಗದಲ್ಲಿ ಇರುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರಿನಲ್ಲಿ ಅಂಟು ಕೂರುತ್ತದೆ, ಮುಂದಿನ ಸೀಸನ್ನಿಗೆ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಕಲ್ಲು ಹಾರುವುದೇ ಬ್ರಷ್ ಕಟ್ಟರಿನ ದೊಡ್ಡ ಅಪಾಯ. 15 ಮೀಟರ್ ಒಳಗೆ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ. ಕಣ್ಣಿಗೆ ಜಾಲರಿ ಮುಖವಾಡ, ಕಾಲಿಗೆ ಬೂಟು. ಚೈನ್ ಸಾ ವಿಷಯಕ್ಕೆ ಬಂದರೆ, ಮಳೆಗೆ ಬಿದ್ದ ಮಾವಿನ ದಿಮ್ಮಿಗೆ ಪೆಟ್ರೋಲಿಂದು, ಕೊಂಬೆ ಸವರಲು ಆರೆಂಟು ಇಂಚಿನ ಬ್ಯಾಟರಿದು. ನಿಂತ ಮರ ಕಡಿಯುವುದಾದರೆ ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮದೇ ಜಾಗ ಆದರೂ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಮುಂದುವರಿಯಿರಿ. ಪೆಟ್ರೋಲ್ ಎಂಜಿನ್ ಯಾವುದೇ ಇರಲಿ, ಜನರೇಟರ್ ಸೇರಿ, ಮುಚ್ಚಿದ ರೂಮಿನಲ್ಲಿ, ಬೇಸ್‌ಮೆಂಟಿನಲ್ಲಿ ಓಡಿಸಬೇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಹಂತ 7: ಕೊಳ್ಳುವಾಗ ಮಷಿನ್ ಆಮೇಲೆ, ಬ್ಯಾಟರಿ ಮೊದಲು

ಬ್ಯಾಟರಿ ಕಡೆ ಹೋಗುವುದು ಅಂತ ಆದರೆ ನೀವು ನಿಜವಾಗಿ ಆರಿಸುವುದು ಬ್ಯಾಟರಿ ಕುಟುಂಬವನ್ನು. ಸಾಮಾನ್ಯವಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಒಮ್ಮೆ ಒಳಗೆ ಹೋದಿರೋ, ಮುಂದಿನ ಹತ್ತು ವರ್ಷ ಅವರ ಮನೆಯ ಅಳಿಯ. ಹಾಗಾಗಿ ಮುಂದೆ ಏನೇನು ಬೇಕಾಗಬಹುದು ಅಂತ ಯೋಚಿಸಿ, ಆ ಕಂಪನಿಯ ಅದೇ ಬ್ಯಾಟರಿಯಲ್ಲಿ ಹ್ಯಾಮರ್, ಗ್ರೈಂಡರ್, ಜಿಗ್‌ಸಾ ಎಲ್ಲ ಇವೆಯಾ ನೋಡಿ. ಸರ್ವಿಸ್ ಎಲ್ಲಿ ಅಂತ ಕೇಳಿ. ಪಣಜಿ, ಮಡಗಾಂವಿನಲ್ಲೇ ಇದ್ದರೆ ಸರಿ. ಪ್ರತಿ ಸಲ ಪಾರ್ಟು ಮುಂಬೈಯಿಂದ ಬರಬೇಕು ಅಂದರೆ ಕಾಯುವಷ್ಟು ದಿನ ನಿಮ್ಮ ಕೂಲಿ ಹೋಯಿತು. ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕೊಂಡು ತರುವವರು ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಪ್ಪದೆ ತನ್ನಿ, ಅದಿಲ್ಲದೆ ಇಲ್ಲಿ ಯಾರೂ ವಾರಂಟಿ ಮಾತೇ ಎತ್ತಲ್ಲ.

ಮೊದಲ ಕಿಟ್ಟಿನಲ್ಲಿ ಡ್ರಿಲ್ಲೂ ಇಂಪ್ಯಾಕ್ಟ್ ಡ್ರೈವರ್ರೂ ಎರಡೂ ಇದ್ದರೆ ಒಳ್ಳೇದು, ಜೊತೆಗೆ ಎರಡು ಬ್ಯಾಟರಿ, ಒಂದು ವೇಗದ ಚಾರ್ಜರ್. ಡ್ರಿಲ್ ತೂತಿಗೆ, ಡ್ರೈವರ್ ಸ್ಕ್ರೂಗೆ, ಒಂದರಲ್ಲೇ ಎರಡನ್ನೂ ಮಾಡಲು ಹೋದರೆ ದಿನಕ್ಕೆ ಎಷ್ಟು ಸಲ ಬಿಟ್ ಬದಲಿಸಬೇಕೋ ಲೆಕ್ಕವಿಲ್ಲ. ಚಾರ್ಜರ್ ನೋಡಿಕೊಳ್ಳಿ. 2 ಆಂಪಿಯರಿನ ಚಾರ್ಜರಿಗೆ 4 ಎಎಚ್ ತುಂಬಲು ಎರಡು ಗಂಟೆ ಮೇಲೆ ಬೇಕು, 6 ಆಂಪಿಯರಿನದ್ದಾದರೆ ಮುಕ್ಕಾಲು ಗಂಟೆ ಸುಮಾರು. ಏಣಿ ಮೇಲಿಂದ "ಅಣ್ಣಾ, ಬ್ಯಾಟರಿ ಖಾಲಿ ಆತು, ಇನ್ನೊಂದು ಕೊಡು" ಅಂದಾಗ ಇನ್ನೊಂದು ಅರ್ಧ ಕೂಡ ತುಂಬಿರದಿದ್ದರೆ ಇಬ್ಬರ ಕೂಲಿ ನಿಂತಿತು. ಆಮೇಲಿನ ಮಷಿನ್‌ಗಳನ್ನು ಬ್ಯಾಟರಿ ಇಲ್ಲದ ಬರೀ ಮಷಿನ್ ಅಂತಲೇ ಕೇಳಿ, ಬೆಲೆ ತುಂಬ ಇಳಿಯುತ್ತದೆ.

ಫ್ಲಾಟಿನಲ್ಲಿ ಬಾಡಿಗೆಗೆ ಇದ್ದು ವರ್ಷಕ್ಕೆ ನಾಲ್ಕು ಫೋಟೋ ನೇತುಹಾಕುವವರಿಗೆ ಇಷ್ಟೆಲ್ಲ ಬೇಡ. 12 ವೋಲ್ಟಿನ ಒಂದು ಡ್ರಿಲ್ ಸಾಕು, ಕಾಂಕ್ರೀಟು ಬಂದರೆ ಹಿಲ್ಟಿ ಇರುವವನಿಗೆ ಫೋನ್ ಮಾಡಿ. ಸೀಲಿಂಗ್, ಎಸಿ, ಮಾಡ್ಯುಲರ್ ಕಿಚನ್ ಕೆಲಸದವರು 18 ವೋಲ್ಟಿನ ಡ್ರಿಲ್, ಡ್ರೈವರ್, ಎಸ್‌ಡಿಎಸ್ ಹ್ಯಾಮರ್ ಬ್ಯಾಟರಿಯಲ್ಲಿ ಇಟ್ಟುಕೊಂಡು, ಗ್ರೈಂಡರ್, ಕಟ್ಟರ್ ವೈರಿನಲ್ಲಿ ಇಟ್ಟುಕೊಂಡರೆ ಹಣವೂ ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ. ಎಲ್ಲವನ್ನೂ ಬ್ಯಾಟರಿಯಲ್ಲೇ ಕೊಳ್ಳುವುದು ಶೋಕಿ ಅಂತ ನನಗೆ ಅನ್ನಿಸುತ್ತದೆ.

ಗಲ್ಫಿಗೆ ಹೊರಟು ಮಷಿನ್ ಜೊತೆ ಒಯ್ಯುವವರಿಗೆ ಒಂದು ಮಾತು. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಮಷಿನ್ ಚೆಕ್ ಇನ್ ಸಾಮಾನಿನಲ್ಲಿ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ, ಅಂದರೆ 18 ವೋಲ್ಟಿನ 5 ಎಎಚ್ ಸರಿ. 6 ಎಎಚ್ ಆದರೆ 108 ಆಗುತ್ತದೆ, ಏರ್‌ಲೈನ್ಸಿನ ಒಪ್ಪಿಗೆ ಮೊದಲೇ ಪಡೆಯಬೇಕು.

ಹಂತ 8: ಉಪ್ಪು ಗಾಳಿ, ಬಿಸಿಲು, ಮಳೆಯಿಂದ ಕಾಪಾಡುವುದು

ಬ್ಯಾಟರಿಗೆ ಚಳಿ ಇಲ್ಲಿ ಸಮಸ್ಯೆ ಅಲ್ಲ, ಬಿಸಿ ಸಮಸ್ಯೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ, ಸ್ಕೂಟರ್ ಡಿಕ್ಕಿಯೊಳಗೆ ಇಡಬೇಡಿ, ಸೆಲ್ಲಿನ ಆಯುಷ್ಯ ಅಲ್ಲೇ ಸುಟ್ಟುಹೋಗುತ್ತದೆ. ಕೆಲಸ ಮಾಡಿ ಕೈಗೆ ಬಿಸಿ ತಾಗುವ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಇಡಿ. ಗಣೇಶನ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವವರು ಫುಲ್ ಮಾಡಿ ಇಡುವುದೂ ಬೇಡ, ಪೂರ್ತಿ ಖಾಲಿ ಮಾಡಿ ಇಡುವುದೂ ಬೇಡ, ಎರಡು ಗೀಟು ತೋರಿಸುವಾಗ, ಅಂದರೆ ಅರ್ಧ ಚಾರ್ಜಿನಲ್ಲಿ, ಮಷಿನ್ನಿಂದ ಬಿಚ್ಚಿ ತಂಪು ಜಾಗದಲ್ಲಿ ಇಡಿ.

ಸಮುದ್ರದ ದಂಡೆ ಹತ್ತಿರ ಕೆಲಸ ಮಾಡುವವರು ವಾರಕ್ಕೊಮ್ಮೆ ಬ್ಯಾಟರಿಯ ಮತ್ತು ಮಷಿನ್ನಿನ ತಾಮ್ರದ ಪಟ್ಟಿಗಳನ್ನು ನೋಡಿ. ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೀರು ಬೇಡ. ಚಕ್ಕಿನ ದವಡೆಗೆ, ಎಸ್‌ಡಿಎಸ್ ಬಿಟ್ಟಿನ ಹಿಂಬದಿಗೆ ಸ್ವಲ್ಪ ಗ್ರೀಸು ಸವರಿ. ಕೆಂಪು ಕಲ್ಲಿನ ಪುಡಿ ಮೋಟರಿನ ಗಾಳಿ ಕಿಂಡಿಯಲ್ಲಿ ಕೂತು ತೇವ ಹಿಡಿದರೆ ಮಣ್ಣಿನ ಗಾರೆಯೇ ಆಗುತ್ತದೆ, ದಿನದ ಕೊನೆಗೆ ಬ್ರಷ್ಷಿನಿಂದ ತೆಗೆಯಿರಿ. ಡಿಸ್ಕ್, ಬ್ಲೇಡ್, ಬಿಟ್ ಬದಲಿಸುವ ಮೊದಲು ಬ್ಯಾಟರಿ ಬಿಚ್ಚುವುದು ಅಭ್ಯಾಸ ಆಗಲಿ, ಸ್ವಿಚ್ಚನ್ನು ನಂಬಿ ಬೆರಳು ಕೊಡಬೇಡಿ.

ಬ್ಯಾಟರಿ ಸತ್ತ ಮೇಲೆ ಅಥವಾ ಉಬ್ಬಿದ ಮೇಲೆ ಗುಜರಿಯವನ ಗಾಡಿಗೆ, ಕಸದ ಬುಟ್ಟಿಗೆ ಹಾಕಬೇಡಿ, ಒತ್ತಿದರೆ ಬೆಂಕಿ ಹತ್ತುತ್ತದೆ. ಬಾಯಿಗೆ ಇನ್ಸುಲೇಶನ್ ಟೇಪ್ ಸುತ್ತಿ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವುದು ಮಾರಿದ ಕಂಪನಿಯದ್ದೇ ಜವಾಬ್ದಾರಿ.